ಮೊದಲ ‘ಟಕ್’ಗೇ ನಿಲ್ಲಿಸಿ: ಕಾರಿನ ಟ್ಯಾಂಕ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಹಿಂದಿನ ಸೀಟಿನ ಕೆಳಗೆ ಯಾರ ಕಣ್ಣಿಗೂ ಬೀಳದೆ ಕೂತಿರುವ ಇಂಧನದ ಟ್ಯಾಂಕಿನ ಸುತ್ತಲೇ ಇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದ ಕಡೆ ಒಟ್ಟಿಗೆ ಸೇರಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಕಾರಿನ ಕೈಪಿಡಿಯಲ್ಲಿ ಟ್ಯಾಂಕಿನ ಸಾಮರ್ಥ್ಯ 42 ಲೀಟರ್ ಎಂದಿದೆ. ಮೊನ್ನೆ ಫುಲ್ ಮಾಡಿಸಿದಾಗ ಬಂಕಿನ ಮೀಟರ್ 43.6 ಲೀಟರ್ ತೋರಿಸಿತು. 42 ಲೀಟರಿನ ಟ್ಯಾಂಕಿಗೆ 43.6 ಲೀಟರ್ ಹಿಡಿಯುವುದು ಹೇಗೆ? ಇದು ಮೋಸವೇ?

ಉತ್ತರ: ಈ ಒಂದು ಅಂಕಿ ನೋಡಿ ಮೋಸ ಎಂದು ಹೇಳಲಾಗದು. ಕೈಪಿಡಿಯ 42 ಲೀಟರ್ ಎಂಬುದು ಟ್ಯಾಂಕಿನೊಳಗೆ ಕಷ್ಟಪಟ್ಟು ತುರುಕಬಹುದಾದ ಕಟ್ಟಕಡೆಯ ಹನಿಯ ಲೆಕ್ಕವಲ್ಲ. ‘ಇಲ್ಲಿಯವರೆಗೆ ತುಂಬಿಸಿ’ ಎಂದು ಕಾರು ತಯಾರಿಸಿದವರು ಗೊತ್ತು ಮಾಡಿದ ಮಟ್ಟ ಅದು. ಅದರ ಮೇಲೆ ಒಂದಷ್ಟು ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಬಿಸಿಯಾದಾಗ ಪೆಟ್ರೋಲ್ ಹಿಗ್ಗುತ್ತದಲ್ಲ, ಅದಕ್ಕೆ ಆ ಜಾಗ ಬೇಕು. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಪೆಟ್ರೋಲಿನ ಗಾತ್ರ ಹೆಚ್ಚುಕಡಿಮೆ ಸಾವಿರದ ಒಂದು ಪಾಲಿನಷ್ಟು ಏರುತ್ತದೆ. ನೆಲದಡಿಯ ತೊಟ್ಟಿಯಿಂದ ತಣ್ಣಗೆ ಬಂದ 40 ಲೀಟರ್ ಪೆಟ್ರೋಲ್ ಬಿಸಿಲಲ್ಲಿ ನಿಂತು 15 ಡಿಗ್ರಿ ಹೆಚ್ಚು ಕಾದರೆ ಅರ್ಧ ಲೀಟರಿಗಿಂತ ತುಸು ಹೆಚ್ಚೇ ಉಬ್ಬುತ್ತದೆ. ಜಾಗವಿಲ್ಲದಿದ್ದರೆ ಅದು ಎಲ್ಲಿಗೆ ಹೋಗಬೇಕು?

ಈ ಖಾಲಿ ಜಾಗದ ಜತೆಗೆ, ಮುಚ್ಚಳದಿಂದ ಟ್ಯಾಂಕಿನವರೆಗೆ ಇಳಿಯುವ ಕೊಳವೆಯೂ ಒಂದಿಷ್ಟು ಇಂಧನ ಹಿಡಿಯುತ್ತದೆ. ಹಾಗಾಗಿ ಕುತ್ತಿಗೆಯವರೆಗೆ ತುಂಬಿಸಿದರೆ ಹೇಳಿದ ಸಾಮರ್ಥ್ಯಕ್ಕಿಂತ ಕೆಲವು ಲೀಟರ್ ಹೆಚ್ಚು ಹಿಡಿಯುವುದರಲ್ಲಿ ಆಶ್ಚರ್ಯವೇನಿಲ್ಲ. ನಿಮ್ಮ ವಿಷಯದಲ್ಲಿ ನಮಗೆ ಕಾಳಜಿಯಾಗುವುದು ಬೇರೆ ಕಾರಣಕ್ಕೆ. ಬಂಕಿಗೆ ಹೋಗುವಾಗ ಟ್ಯಾಂಕಿನಲ್ಲಿ ಕನಿಷ್ಠ ಒಂದೆರಡು ಲೀಟರ್ ಇದ್ದೇ ಇತ್ತು, ಇಲ್ಲದಿದ್ದರೆ ಕಾರು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಅಂದರೆ ಒಟ್ಟು 45 ಲೀಟರಿನ ಹತ್ತಿರ ತುಂಬಿದೆ. ಹಿಗ್ಗಲು ಬಿಟ್ಟ ಜಾಗವೆಲ್ಲ ಪೆಟ್ರೋಲಿನಿಂದಲೇ ತುಂಬಿಹೋಗಿದೆ ಎಂದರ್ಥ. ಇದರ ಹಾನಿಯೇನು ಎಂಬುದು ಮುಂದಿನ ಉತ್ತರದಲ್ಲಿದೆ.

ಅಳತೆಯ ಬಗ್ಗೆಯೇ ಅನುಮಾನವಿದ್ದರೆ ಟ್ಯಾಂಕಿನ ಸಾಮರ್ಥ್ಯವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಮುಳ್ಳು ಅರ್ಧದಲ್ಲಿತ್ತು, ಆದರೂ 25 ಲೀಟರ್ ಹಿಡಿಯಿತು ಎಂಬ ದೂರಿಗೂ ಇದೇ ಮಾತು. ಟ್ಯಾಂಕಿನೊಳಗೆ ತೇಲುವ ಒಂದು ಬೆಂಡು, ಅದಕ್ಕೊಂದು ಕಡ್ಡಿ. ಕಡ್ಡಿ ಏರಿಳಿದಂತೆ ವಿದ್ಯುತ್ ಪ್ರವಾಹ ಬದಲಾಗಿ ಮುಳ್ಳು ಅಲುಗಾಡುತ್ತದೆ. ಟ್ಯಾಂಕಿನ ಆಕಾರ ಸೊಟ್ಟಪಟ್ಟ, ಬೆಂಡು ಏರುವ ದಾರಿ ಬಿಲ್ಲಿನಂತೆ ಬಾಗಿದ್ದು. ಮುಳ್ಳಿನ ಅರ್ಧ ಎಂದರೆ ಲೀಟರಿನ ಅರ್ಧ ಎಂದೇನೂ ಅಲ್ಲ. ಬಂಕಿನಲ್ಲಿ ಪ್ರಮಾಣಿತ ಅಳತೆ ಪಾತ್ರೆ ಇದ್ದರೆ ಅದಕ್ಕೆ ಹಾಕಿಸಿ ನೋಡುವುದೊಂದೇ ನೇರವಾದ ಪರೀಕ್ಷೆ.

ಪ್ರಶ್ನೆ: ನಾಜಲ್ ‘ಟಕ್’ ಎಂದು ನಿಂತ ಮೇಲೂ ಇನ್ನೆರಡು ಮೂರು ಸಲ ಒತ್ತಿ, ಲೆಕ್ಕ ಸರಿಯಾಗುವವರೆಗೆ ಹಾಕಿಸುತ್ತೇನೆ. ಇದರಿಂದ ಕಾರಿಗೆ ನಿಜಕ್ಕೂ ತೊಂದರೆಯೇ? ಒಂದು ಲೀಟರ್ ಹೆಚ್ಚು ಹಿಡಿದರೆ ಲಾಭವೇ ಅಲ್ಲವೇ?

ಉತ್ತರ: ಪೆಟ್ರೋಲ್ ಕಾರಾಗಿದ್ದರೆ ತೊಂದರೆ ಖಂಡಿತ ಇದೆ. ಈ ಅಂಕಣಕ್ಕೆ ಅತಿ ಹೆಚ್ಚು ಬರುವ ಪ್ರಶ್ನೆಯೂ ಇದೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮೊದಲು ನಾಜಲಿನ ಮೂತಿಯನ್ನು ಹತ್ತಿರದಿಂದ ನೋಡಿ. ತುದಿಯಲ್ಲಿ, ಒಳಬದಿಗೆ, ಬೆಂಕಿಕಡ್ಡಿ ತೂರುವಷ್ಟು ಚಿಕ್ಕದೊಂದು ತೂತು ಕಾಣುತ್ತದೆ. ಅಲ್ಲಿಂದ ಸಪೂರವಾದ ಕೊಳವೆಯೊಂದು ಹಿಡಿಕೆಯೊಳಕ್ಕೆ ಹೋಗಿರುತ್ತದೆ. ಪೆಟ್ರೋಲ್ ರಭಸದಿಂದ ಹರಿಯುವಾಗ ಹಿಡಿಕೆಯೊಳಗೆ ಎಳೆತ ಹುಟ್ಟಿ, ಆ ತೂತಿನಿಂದ ಗಾಳಿ ಒಳಕ್ಕೆ ಬರುತ್ತಲೇ ಇರುತ್ತದೆ. ಟ್ಯಾಂಕ್ ತುಂಬಿ ಪೆಟ್ರೋಲ್ ಮೇಲೇರಿ ತೂತನ್ನು ಮುಚ್ಚಿದ ಕ್ಷಣ ಗಾಳಿ ನಿಲ್ಲುತ್ತದೆ, ಎಳೆತ ಒಮ್ಮೆಗೇ ಹೆಚ್ಚುತ್ತದೆ, ಹಿಡಿಕೆಯೊಳಗಿನ ತೆಳು ಪೊರೆ ಸೆಳೆದುಕೊಂಡು ಕೊಂಡಿ ಕಳಚುತ್ತದೆ. ನಿಮಗೆ ಕೇಳುವ ‘ಟಕ್’ ಅದೇ. ಇದರಲ್ಲಿ ವಿದ್ಯುತ್ ಇಲ್ಲ, ಸೆನ್ಸರ್ ಇಲ್ಲ, ಗಾಳಿಯ ಎಳೆತವೊಂದೇ.

ಇನ್ನು ಕಾರಿನ ಕಡೆಗೆ ಬನ್ನಿ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಹೊರಗೆ ಹೋಗದಂತೆ ಹಿಡಿದಿಡಲು ಇದ್ದಿಲಿನ ಡಬ್ಬಿಯೊಂದು ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಕ್ಯಾನಿಸ್ಟರ್ ಎನ್ನುತ್ತಾರೆ. ಒಳಗಿರುವುದು ಸಕ್ರಿಯಗೊಳಿಸಿದ ಇದ್ದಿಲಿನ ಸಣ್ಣ ಹರಳುಗಳು. ನಿಂತ ಕಾರಿನ ಆವಿಯನ್ನು ಅವು ಹೀರಿಟ್ಟುಕೊಳ್ಳುತ್ತವೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಎಂಜಿನ್ನೇ ಎಳೆದು ಉರಿಸುತ್ತದೆ. ಈ ಇದ್ದಿಲು ಆವಿಗಾಗಿ ಇರುವಂಥದ್ದು, ದ್ರವಕ್ಕಲ್ಲ. ಟ್ಯಾಂಕ್ ಗೊತ್ತಾದ ಮಟ್ಟ ಮುಟ್ಟಿದಾಗ ಮೇಲ್ಭಾಗದ ತೇಲು ವಾಲ್ವ್ ಆವಿಯ ದಾರಿಯನ್ನು ಮುಚ್ಚುತ್ತದೆ. ಆಗಲೇ ಪೆಟ್ರೋಲ್ ಕೊಳವೆಯಲ್ಲಿ ಮೇಲೇರಿ ಮೊದಲ ‘ಟಕ್’ ಕೇಳುವುದು. ನೀವು ಮತ್ತೆ ಮತ್ತೆ ಒತ್ತಿದರೆ ಹಸಿ ಪೆಟ್ರೋಲ್ ಆ ವಾಲ್ವ್ ದಾಟಿ ಡಬ್ಬಿಗೆ ಇಳಿಯುತ್ತದೆ.

ನೆನೆದ ಇದ್ದಿಲು ಆವಿ ಹೀರುವ ಶಕ್ತಿ ಕಳೆದುಕೊಳ್ಳುತ್ತದೆ. ಹರಳುಗಳು ಪುಡಿಯಾಗಿ ಪರ್ಜ್ ವಾಲ್ವಿನಲ್ಲಿ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚದಂತಾಗುವುದೂ ಉಂಟು. ಗುರುತು ಹಿಡಿಯುವುದು ಸುಲಭ. ಫುಲ್ ಮಾಡಿಸಿದ ಕೂಡಲೇ ಸ್ಟಾರ್ಟ್ ಮಾಡಿದರೆ ಎಂಜಿನ್ ತಡವರಿಸುತ್ತದೆ, ಆಕ್ಸಲರೇಟರ್ ಒತ್ತಿ ಹಿಡಿದರಷ್ಟೇ ಆರದೆ ಓಡುತ್ತದೆ. ಕಾರಿನ ಹಿಂಬದಿಯಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ. ಕೆಲವು ದಿನಗಳಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಡಬ್ಬಿ ಕೆಟ್ಟಿದ್ದರೆ ಒಣಗಿಸಿ ಸರಿಮಾಡುವ ಮಾತಿಲ್ಲ, ಬದಲಾಯಿಸಬೇಕು. ಒಂದು ಲೀಟರ್ ‘ಲಾಭ’ದ ಲೆಕ್ಕ ಇಲ್ಲಿಗೆ ಬಂದು ನಿಲ್ಲುತ್ತದೆ. ಆ ಒಂದು ಲೀಟರ್ ನಿಮಗೆ ಪುಕ್ಕಟೆಯಾಗಿಯೂ ಸಿಕ್ಕಿರುವುದಿಲ್ಲ, ಹಣ ಕೊಟ್ಟೇ ಕೊಂಡಿದ್ದೀರಿ.

ಡೀಸೆಲ್ ಕಾರಿಗೆ ಇಂಥ ಡಬ್ಬಿ ಇರುವುದಿಲ್ಲ. ಆದರೆ ಡೀಸೆಲ್ ನೊರೆ ಬರುವ ದ್ರವ. ನೊರೆ ತೂತಿಗೆ ತಾಗಿದರೂ ನಾಜಲ್ ನಿಲ್ಲುತ್ತದೆ. ಅರ್ಧ ನಿಮಿಷ ಬಿಟ್ಟು, ನೊರೆ ಇಳಿದ ಮೇಲೆ ನಿಧಾನವಾಗಿ ಇನ್ನೊಂದು ಸಲ ಹಾಕಿಸಿ, ಮುಂದಿನ ‘ಟಕ್’ಗೆ ಸಾಕು ಮಾಡಿ. ಹಿಗ್ಗುವ ಗುಣ ಡೀಸೆಲ್‌ಗೂ ಇದೆ.

ಲೆಕ್ಕ ಸರಿಮಾಡುವ ಆಸೆ ಇದ್ದರೆ ಮೊದಲೇ ಇಷ್ಟು ಲೀಟರ್ ಅಥವಾ ಇಷ್ಟು ಮೊತ್ತ ಎಂದು ಹೇಳಿ ಹಾಕಿಸಿಕೊಳ್ಳಿ.

ಪ್ರಶ್ನೆ: ನಮ್ಮ ಕಾರಿಗೆ ಪೆಟ್ರೋಲ್ ಹಾಕುವುದೇ ಒಂದು ತಲೆನೋವು. ಟ್ಯಾಂಕ್ ಕಾಲು ಭಾಗವೂ ತುಂಬಿರುವುದಿಲ್ಲ, ನಾಜಲ್ ಪದೇ ಪದೇ ಟಕ್ ಟಕ್ ಎಂದು ನಿಲ್ಲುತ್ತದೆ. ಎಲ್ಲ ಬಂಕಿನಲ್ಲೂ ಹೀಗೇ.

ಉತ್ತರ: ಒಂದೇ ಬಂಕಿನಲ್ಲಾಗಿದ್ದರೆ ನಾಜಲಿನ ದೋಷ ಎನ್ನಬಹುದಿತ್ತು. ಎಲ್ಲ ಕಡೆ ಆಗುತ್ತಿದೆ ಎಂದರೆ ತೊಂದರೆ ಕಾರಿನಲ್ಲೇ ಇದೆ. ಪೆಟ್ರೋಲ್ ಒಳಗೆ ಹೋದಷ್ಟೂ ಒಳಗಿನ ಗಾಳಿ ಮತ್ತು ಆವಿ ಹೊರಗೆ ಬರಬೇಕು. ಅದರ ದಾರಿ ಕಟ್ಟಿದ್ದರೆ ಪೆಟ್ರೋಲ್ ಕೊಳವೆಯಲ್ಲೇ ಎದ್ದು ನಾಜಲಿನ ತೂತಿಗೆ ತಾಗುತ್ತದೆ.

ಮೊದಲು ಸುಲಭದ್ದನ್ನು ನೋಡಿ. ನಾಜಲನ್ನು ಪೂರ್ತಿ ಒಳಗೆ ತಳ್ಳಿ, ಅರ್ಧ ವೇಗದಲ್ಲಿ ಹಾಕಲು ಹೇಳಿ. ಆಗಲೂ ನಿಂತರೆ ನಾಜಲನ್ನು ಕಾಲು ಸುತ್ತು ತಿರುಗಿಸಿ ಅಥವಾ ಒಂದೆರಡು ಸೆಂಟಿಮೀಟರ್ ಹಿಂದಕ್ಕೆಳೆದು ಹಿಡಿಯಿರಿ. ಕೊಳವೆಯ ತಿರುವಿನಿಂದ ಚಿಮ್ಮುವ ಹನಿ ತೂತಿಗೆ ತಾಗುತ್ತಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಮೆಕ್ಯಾನಿಕ್ ಹತ್ತಿರ ಮೂರು ಕಡೆ ನೋಡಿಸಿ: ಕ್ಯಾನಿಸ್ಟರಿನ ಗಾಳಿ ಕೊಳವೆ ಮತ್ತು ಅದರ ಸಣ್ಣ ಫಿಲ್ಟರ್ (ದೂಳು, ಮಣ್ಣು, ಜೇಡರ ಬಲೆ ಕಟ್ಟುವ ಜಾಗ ಇದು), ಗಾಳಿ ಬಿಡುವ ವೆಂಟ್ ವಾಲ್ವ್ ಮುಚ್ಚಿಕೊಂಡೇ ಉಳಿದಿದೆಯೇ ಎಂಬುದು, ಮತ್ತು ಮುಚ್ಚಳದಿಂದ ಟ್ಯಾಂಕಿಗೆ ಇಳಿಯುವ ರಬ್ಬರ್ ಕೊಳವೆ ಎಲ್ಲಾದರೂ ಮಡಚಿಕೊಂಡಿದೆಯೇ ಎಂಬುದು. ಹಿಂದಿನ ಪ್ರಶ್ನೆಯಲ್ಲಿ ಹೇಳಿದಂತೆ ಇದ್ದಿಲಿನ ಡಬ್ಬಿ ಪೆಟ್ರೋಲ್ ಕುಡಿದು ಕೂತಿದ್ದರೂ ಇದೇ ಲಕ್ಷಣ. ಕಾರನ್ನು ಈ ಮೊದಲು ಗಂಟಲುಮಟ್ಟ ತುಂಬಿಸುವ ಅಭ್ಯಾಸ ಇತ್ತೇ ಎಂಬುದನ್ನು ಮೆಕ್ಯಾನಿಕ್‌ಗೆ ಮರೆಯದೆ ತಿಳಿಸಿ. ಅವರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಇಂಧನದ ಹಳದಿ ದೀಪ ಹೊತ್ತಿದ ಮೇಲೆ ಎಷ್ಟು ಕಿಲೋಮೀಟರ್ ಓಡಿಸಬಹುದು? ನಾನು ಯಾವಾಗಲೂ ದೀಪ ಬಂದ ಮೇಲೇ ಹಾಕಿಸುವುದು. ಸ್ನೇಹಿತರು ಪಂಪ್ ಸುಟ್ಟುಹೋಗುತ್ತದೆ ಎಂದು ಹೆದರಿಸುತ್ತಾರೆ.

ಉತ್ತರ: ಹೆಚ್ಚಿನ ಕಾರುಗಳಲ್ಲಿ 5ರಿಂದ 8 ಲೀಟರ್ ಉಳಿದಾಗ ದೀಪ ಹೊತ್ತುತ್ತದೆ. ನಿಮ್ಮದರಲ್ಲಿ ಎಷ್ಟು ಎಂದು ನೀವೇ ಕಂಡುಕೊಳ್ಳಿ. ದೀಪ ಮೊದಲ ಸಲ ಹೊತ್ತಿದಾಗ ನೇರ ಬಂಕಿಗೆ ಹೋಗಿ ಮೊದಲ ‘ಟಕ್’ವರೆಗೆ ತುಂಬಿಸಿ. ಕೈಪಿಡಿಯ ಸಾಮರ್ಥ್ಯದಲ್ಲಿ ಹಾಕಿಸಿದ ಲೀಟರನ್ನು ಕಳೆಯಿರಿ. 42 ಲೀಟರಿನ ಟ್ಯಾಂಕಿಗೆ 36 ಹಿಡಿದರೆ ರಿಸರ್ವ್ ಸುಮಾರು 6 ಲೀಟರ್. ಮೂರು ಸಲ ಹೀಗೆ ಮಾಡಿ ಅತ್ಯಂತ ಕಡಿಮೆ ಬಂದ ಅಂಕಿಯನ್ನು ನಂಬಿ. ಅದರಲ್ಲೂ ತಳದ ಒಂದೆರಡು ಲೀಟರ್ ಪಂಪಿಗೆ ಸಿಗುವುದಿಲ್ಲ ಎಂದಿಟ್ಟುಕೊಳ್ಳಿ. ದೀಪ ಬಂದ ಮೇಲೆ 40ರಿಂದ 50 ಕಿ.ಮೀ. ಒಳಗೆ ಹಾಕಿಸುವುದು ಕ್ಷೇಮ.

ಡ್ಯಾಶ್‌ಬೋರ್ಡಿನಲ್ಲಿ ‘ಇನ್ನು 60 ಕಿ.ಮೀ.’ ಎಂದು ಬರುವ ಅಂಕಿಯನ್ನು ಅಕ್ಷರಶಃ ನಂಬಬೇಡಿ. ಅದು ನೀವು ಈಗಷ್ಟೇ ಓಡಿಸಿದ ರೀತಿಯ ಸರಾಸರಿ ಹಿಡಿದು ಹಾಕಿದ ಲೆಕ್ಕ. ಹೆದ್ದಾರಿಯಲ್ಲಿ ಲೀಟರಿಗೆ 18 ಕಿ.ಮೀ. ಕೊಟ್ಟ ಕಾರು ಊರೊಳಗಿನ ದಟ್ಟಣೆಗೆ ಸಿಕ್ಕಿ 11ಕ್ಕೆ ಇಳಿದರೆ ಅದೇ ಇಂಧನ 60 ಅಲ್ಲ, 37 ಕಿ.ಮೀ.ಗೆ ಮುಗಿಯುತ್ತದೆ. ಘಾಟಿ ಏರುವಾಗಲೂ ಇದೇ ಪಾಡು.

ಇನ್ನು ಪಂಪ್. ಅದು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಅದರ ಮೋಟಾರನ್ನು ತಣ್ಣಗಿಡುವುದೂ ಅದರ ಮೂಲಕ ಹರಿಯುವ ಇಂಧನವೇ. ಹೆಚ್ಚಿನ ಕಾರುಗಳಲ್ಲಿ ಪಂಪಿನ ಸುತ್ತ ಬಟ್ಟಲಿನಂಥ ಒಂದು ಗೋಡೆ ಇದ್ದು, ಮಟ್ಟ ಇಳಿದಾಗಲೂ ಬಟ್ಟಲು ತುಂಬಿಯೇ ಇರುತ್ತದೆ. ಹಾಗಾಗಿ ಯಾವಾಗಲೋ ಒಮ್ಮೆ ದೀಪ ಬಂದರೆ ಪಂಪ್ ಸುಡುವುದಿಲ್ಲ. ಸ್ನೇಹಿತರ ಮಾತು ಅಷ್ಟರಮಟ್ಟಿಗೆ ಅತಿಯಾಯಿತು. ಆದರೆ ಯಾವಾಗಲೂ ತಳದಲ್ಲೇ ಓಡಿಸುವವರ ಪಂಪ್ ಯಾವಾಗಲೂ ಬಿಸಿ ಇಂಧನದಲ್ಲಿ, ತಿರುವು ಮತ್ತು ಏರಿನಲ್ಲಿ ಇಂಧನದ ಜತೆ ಗಾಳಿಯನ್ನೂ ಎಳೆಯುತ್ತ ಕೆಲಸ ಮಾಡುತ್ತದೆ. ಹಿಂದಿನ ಸೀಟಿನ ಕೆಳಗಿನಿಂದ ‘ಕುಂಯ್’ ಎಂಬ ಸದ್ದು ಹೆಚ್ಚುತ್ತಿದ್ದರೆ ಪಂಪ್ ಬಳಲಿದೆ ಎಂದು ತಿಳಿಯಿರಿ. ಪೆಟ್ರೋಲ್ ಪೂರ್ತಿ ತೀರುವವರೆಗೆ ಓಡಿಸಿದರೆ ಎಂಜಿನ್ ಮಿಸ್ ಹೊಡೆಯುವಾಗ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೂ ಹಾಳುಗೆಡವಬಹುದು.

ತಳದ ಕಸವೆಲ್ಲ ಪಂಪಿಗೆ ಬರುತ್ತದೆ ಎನ್ನುವುದು ಇನ್ನೊಂದು ಹೆದರಿಕೆ. ಪಂಪ್ ಯಾವತ್ತೂ ಎಳೆಯುವುದು ತಳದಿಂದಲೇ, ಟ್ಯಾಂಕ್ ಫುಲ್ ಇದ್ದಾಗಲೂ. ಅದಕ್ಕಾಗಿಯೇ ಅಲ್ಲಿ ಜಾಲರಿ ಇಟ್ಟಿರುವುದು.

ನಮ್ಮ ಸಲಹೆ: ಮುಳ್ಳು ಕಾಲು ಭಾಗಕ್ಕೆ ಇಳಿದಾಗ ಹಾಕಿಸಿ. ದೂರದ ಅಥವಾ ರಾತ್ರಿಯ ಪ್ರಯಾಣವಿದ್ದರೆ ಅರ್ಧಕ್ಕೇ.

ಪ್ರಶ್ನೆ: ಟ್ಯಾಂಕ್ ಫುಲ್ ಮಾಡಿಸಿದರೆ ತೂಕ ಹೆಚ್ಚಾಗಿ ಮೈಲೇಜ್ ಕಡಿಮೆಯಾಗುತ್ತದಂತೆ. ಅರ್ಧ ಟ್ಯಾಂಕ್ ಇಟ್ಟುಕೊಳ್ಳುವುದು ಜಾಣತನವೇ?

ಉತ್ತರ: ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಪೆಟ್ರೋಲ್ ತೂಗುವುದು ಸುಮಾರು 740 ಗ್ರಾಂ. 42 ಲೀಟರಿನ ಅರ್ಧ 21 ಲೀಟರ್, ಅಂದರೆ 16 ಕೆ.ಜಿ.ಯೊಳಗೆ. ಸಾವಿರ ಕೆ.ಜಿ.ಗೂ ಮಿಕ್ಕಿದ ಕಾರಿಗೆ ಅದು ಏನೇನೂ ಅಲ್ಲ. ಮೈಲೇಜಿನಲ್ಲಿ ಶೇಕಡ 1ರಷ್ಟೂ ವ್ಯತ್ಯಾಸ ಬಾರದು. ಟೈರಿನ ಗಾಳಿ ಸರಿಯಾಗಿಟ್ಟುಕೊಂಡರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಅರ್ಧರ್ಧ ಹಾಕಿಸಲು ಬಂಕಿಗೆ ಎರಡು ಸಲ ಸುತ್ತಿ ಹೋಗುವುದಾದರೆ ಉಳಿಸಿದ್ದೆಲ್ಲ ಅಲ್ಲೇ ಖರ್ಚು.

ಪ್ರಶ್ನೆ: ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಬೇಡಿ, ಸ್ಫೋಟವಾಗುತ್ತದೆ ಎಂಬ ಸಂದೇಶ ಮೊಬೈಲಿನಲ್ಲಿ ಪ್ರತಿ ವರ್ಷ ಹರಿದಾಡುತ್ತದೆ. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ ಎನ್ನುವುದು ನಿಜವೇ?

ಉತ್ತರ: ಎರಡನ್ನೂ ನಂಬಬೇಡಿ. ಮೊದಲ ‘ಟಕ್’ವರೆಗೆ ತುಂಬಿಸಿದ ಟ್ಯಾಂಕಿನಲ್ಲಿ ಹಿಗ್ಗಲು ಜಾಗವಿದ್ದೇ ಇರುತ್ತದೆ, ಒತ್ತಡ ಹೆಚ್ಚಿದರೆ ಬಿಡುಗಡೆಯಾಗಲು ವಾಲ್ವ್ ಇದೆ. ಬೆಂಕಿಯ ಕಿಡಿ ಇಲ್ಲದೆ ಬರೀ ಬಿಸಿಲಿನ ಕಾವಿಗೆ ಟ್ಯಾಂಕ್ ಸಿಡಿಯುವುದಿಲ್ಲ. ಮುಚ್ಚಳ ತೆರೆದಾಗ ‘ಹುಸ್’ ಎನ್ನುವುದನ್ನು ಕಂಡು ಹಲವರು ಗಾಬರಿಯಾಗುತ್ತಾರೆ. ಅದು ಒಳಗಿನ ಆವಿಯ ಒತ್ತಡ ಅಥವಾ ಪಂಪ್ ಇಂಧನ ಎಳೆದು ಉಂಟಾದ ಎಳೆತ, ಸಹಜವಾದದ್ದು.

ಬೆಳಗಿನ ತಂಪಿನ ವಿಚಾರ: ಬಂಕಿನ ತೊಟ್ಟಿ ನೆಲದಡಿ ಇರುವುದರಿಂದ ಹಗಲು ರಾತ್ರಿಯ ನಡುವೆ ಅಲ್ಲಿನ ಉಷ್ಣತೆ ಬಹಳ ಕಡಿಮೆ ಬದಲಾಗುತ್ತದೆ. ಒಂದು ಡಿಗ್ರಿ ವ್ಯತ್ಯಾಸ ಬಂತೆಂದೇ ಇಟ್ಟುಕೊಳ್ಳಿ, 40 ಲೀಟರಿಗೆ 40 ಮಿಲಿಲೀಟರಿನಷ್ಟು. ನಿದ್ದೆ ಕೆಡಿಸಿಕೊಳ್ಳುವಷ್ಟು ದೊಡ್ಡದಲ್ಲ.

ಪ್ರಶ್ನೆ: ಮೈಲೇಜನ್ನು ಸರಿಯಾಗಿ ಅಳೆಯುವುದು ಹೇಗೆ? ಡ್ಯಾಶ್‌ಬೋರ್ಡ್ ಒಂದು ಹೇಳುತ್ತದೆ, ನನ್ನ ಲೆಕ್ಕ ಇನ್ನೊಂದು.

ಉತ್ತರ: ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯಿರಿ. ಮೊದಲ ‘ಟಕ್’ವರೆಗೆ ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. ಸಾಧಾರಣವಾಗಿ ಓಡಿಸಿ, ಮುಳ್ಳು ಕಾಲು ಭಾಗಕ್ಕೆ ಇಳಿದಾಗ ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಕಾರು ನಿಲ್ಲುವ ನೆಲವೂ ಅದೇ ಇರಲಿ. ಮತ್ತೆ ಮೊದಲ ‘ಟಕ್’ವರೆಗೆ ಹಾಕಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. 527 ಕಿ.ಮೀ.ಗೆ 31 ಲೀಟರ್ ಹಿಡಿದರೆ ಲೀಟರಿಗೆ 17. ಹಿಂದಿನ ಸಲ ಹಾಕಿಸಿದ ಲೀಟರನ್ನು ಹಿಡಿದು ಭಾಗಿಸುವುದು ಬಹಳ ಜನ ಮಾಡುವ ತಪ್ಪು.

ನೆಲ ಓರೆಯಾಗಿದ್ದರೆ, ಮುಚ್ಚಳದ ಬದಿ ಮೇಲಕ್ಕೋ ಕೆಳಕ್ಕೋ ವಾಲಿದ್ದರೆ ‘ಟಕ್’ ಬರುವ ಮಟ್ಟವೇ ಬದಲಾಗುತ್ತದೆ. ಎರಡು ಲೀಟರ್ ಹೆಚ್ಚುಕಡಿಮೆಯಾದರೂ ಮೇಲಿನ ಉದಾಹರಣೆಯಲ್ಲಿ 17 ಇದ್ದದ್ದು 16 ಅಥವಾ 18 ಆಗಿಬಿಡುತ್ತದೆ. ಆದ್ದರಿಂದ ಒಂದು ಸಲದ ಅಂಕಿಗೆ ಬೆಲೆ ಕೊಡದೆ ನಾಲ್ಕೈದು ಟ್ಯಾಂಕಿನ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಸಣ್ಣದೊಂದು ಪುಸ್ತಕವನ್ನು ಕಾರಿನಲ್ಲೇ ಇಟ್ಟು ದಿನಾಂಕ, ಓಡೋಮೀಟರ್ ಅಂಕಿ, ಲೀಟರ್ ಈ ಮೂರನ್ನು ಬರೆಯುತ್ತ ಬನ್ನಿ. ಮೈಲೇಜ್ ಇದ್ದಕ್ಕಿದ್ದಂತೆ ಶೇಕಡ 15ರಷ್ಟು ಕುಸಿದರೆ ಬ್ರೇಕ್ ಹಿಡಿದುಕೊಂಡಿದೆಯೇ, ಟೈರಿನ ಗಾಳಿ ಇಳಿದಿದೆಯೇ, ಗಾಳಿಯ ಫಿಲ್ಟರ್ ಕಟ್ಟಿದೆಯೇ ಎಂದು ನೋಡಿಸಲು ಆ ಪುಸ್ತಕವೇ ಮೊದಲ ಸುಳಿವು ಕೊಡುತ್ತದೆ.

ಪ್ರಶ್ನೆ: ಡೀಸೆಲ್ ಕಾರಿಗೆ ತಪ್ಪಿ ಪೆಟ್ರೋಲ್ ಹಾಕಿಬಿಟ್ಟರೆ ಏನು ಮಾಡಬೇಕು? ಮೇಲೆ ಡೀಸೆಲ್ ತುಂಬಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ.

ಉತ್ತರ: ಸ್ಟಾರ್ಟ್ ಮಾಡಬೇಡಿ. ಕೀಲಿಯನ್ನು ‘ಆನ್’ಗೂ ತಿರುಗಿಸಬೇಡಿ, ಏಕೆಂದರೆ ಹಲವು ಕಾರುಗಳಲ್ಲಿ ಅಷ್ಟಕ್ಕೇ ಟ್ಯಾಂಕಿನ ಪಂಪ್ ಓಡಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಗೇರನ್ನು ನ್ಯೂಟ್ರಲ್ ಮಾಡಿ ಬದಿಗೆ ತಳ್ಳಿಸಿ, ಮೆಕ್ಯಾನಿಕ್ ಕರೆಸಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಸ್ವಲ್ಪ ಡೀಸೆಲ್ ಹಾಕಿ ತೊಳೆಸಿ, ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿ. ಇಷ್ಟಕ್ಕೇ ಮುಗಿದರೆ ಅದೃಷ್ಟ.

ಮೇಲೆ ಡೀಸೆಲ್ ತುಂಬಿಸುವ ಸಲಹೆ ಈಗಿನ ಎಂಜಿನ್‌ಗಳಿಗೆ ಅಪಾಯಕಾರಿ. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡ ಹುಟ್ಟಿಸುವ ಪಂಪಿಗೆ ಎಣ್ಣೆಯ ಜಿಡ್ಡು ಕೊಡುವುದು ಡೀಸೆಲ್ಲೇ. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಬಿಡುತ್ತದೆ. ಲೋಹಕ್ಕೆ ಲೋಹ ಉಜ್ಜಿ ಏಳುವ ಪುಡಿ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನವರೆಗೂ ಸಾಗುತ್ತದೆ. ಆಮೇಲೆ ಪಂಪ್, ಕೊಳವೆ, ಇಂಜೆಕ್ಟರ್ ಎಲ್ಲವನ್ನೂ ಬಿಚ್ಚಬೇಕು. ಪೆಟ್ರೋಲ್ ನಾಜಲಿನ ಮೂತಿ ಸಾಮಾನ್ಯವಾಗಿ ಸಪೂರ ಇರುವುದರಿಂದ ಡೀಸೆಲ್ ಕಾರಿನ ಬಾಯಿಗೆ ಸಲೀಸಾಗಿ ಇಳಿಯುತ್ತದೆ, ಈ ಅವಘಡ ಹೆಚ್ಚಾಗಲು ಅದೂ ಕಾರಣ. ಪೆಟ್ರೋಲ್ ಕಾರಿಗೆ ಡೀಸೆಲ್ ಬಿದ್ದರೂ ಓಡಿಸದೆ ಖಾಲಿ ಮಾಡಿಸಬೇಕು. ಹಾಗೇ ಓಡಿಸಿದರೆ ಹೊಗೆ, ನಾಕಿಂಗ್ (ಎಂಜಿನ್ನಿನೊಳಗೆ ಬಡಿದಂಥ ಸದ್ದು), ಮಸಿ ಕಟ್ಟಿದ ಸ್ಪಾರ್ಕ್ ಪ್ಲಗ್. ಆದರೆ ಅದರ ಹಾನಿ ಸಾಮಾನ್ಯವಾಗಿ ಇಷ್ಟು ದೊಡ್ಡದಲ್ಲ.

ನಾಜಲ್ ಇಳಿಸುವ ಮುಂಚೆ ಕಾರಿನಿಂದಿಳಿದು ‘ಡೀಸೆಲ್’ ಎಂದು ಬಾಯಿಬಿಟ್ಟು ಹೇಳಿ, ಪಂಪಿನ ಮೇಲಿನ ಹೆಸರನ್ನೂ ನೋಡಿ.

ಪ್ರಶ್ನೆ: ಡೀಸೆಲ್ ಪೂರ್ತಿ ತೀರಿ ಕಾರು ನಿಂತಿತು. ಕ್ಯಾನಿನಲ್ಲಿ 2 ಲೀಟರ್ ತಂದು ಹಾಕಿದರೂ ಸ್ಟಾರ್ಟ್ ಆಗಲಿಲ್ಲ. ಏಕೆ?

ಉತ್ತರ: ಎರಡು ಲೀಟರ್ ಸಾಲದು. ಟ್ಯಾಂಕಿನ ತಳ ಅಗಲ; ಪಂಪಿನ ಬಾಯಿ ಮುಳುಗಲು ಕನಿಷ್ಠ 5 ಲೀಟರಾದರೂ ಹಾಕಿ, ಕಾರು ಇಳಿಜಾರಿನಲ್ಲಿದ್ದರೆ ಇನ್ನೂ ಹೆಚ್ಚು. ಎರಡನೆಯದಾಗಿ, ಕೊಳವೆಗಳಿಗೆ ಗಾಳಿ ಹೊಕ್ಕಿದೆ, ಅದನ್ನು ಹೊರಗೆ ಹಾಕಬೇಕು. ಫಿಲ್ಟರ್ ಮೇಲೆ ಕೈಯಲ್ಲಿ ಒತ್ತುವ ಗುಂಡಿ ಅಥವಾ ರಬ್ಬರ್ ಗುಡ್ಡೆ ಇದ್ದರೆ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ಬರುವುದು ನಿಂತು ಬರೀ ಡೀಸೆಲ್ ಬರುವವರೆಗೆ ಒತ್ತಿ, ಸ್ಕ್ರೂ ಬಿಗಿದು, ಗುಂಡಿ ಗಟ್ಟಿಯಾಗುವವರೆಗೆ ಮತ್ತೆ ಒತ್ತಿ. ವಿದ್ಯುತ್ ಪಂಪ್ ಇರುವ ಕಾರಾದರೆ ಕೀಲಿ ‘ಆನ್’ ಮಾಡಿ ಹತ್ತು ಸೆಕೆಂಡ್ ಬಿಟ್ಟು ‘ಆಫ್’ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ಸೆಲ್ಫ್ ಹೊಡೆಯಿರಿ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡುವು ಕೊಡಿ, ಇಲ್ಲದಿದ್ದರೆ ಸ್ಟಾರ್ಟರ್ ಮೋಟಾರ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ನಾಲ್ಕು ಪ್ರಯತ್ನಕ್ಕೂ ಆಗದಿದ್ದರೆ ಮೆಕ್ಯಾನಿಕ್‌ಗೆ ಬಿಡಿ.

ಇಂಜೆಕ್ಟರಿಗೆ ಹೋಗುವ ಉಕ್ಕಿನ ಕೊಳವೆಗಳ ನಟ್ಟನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬೇಡಿ. ಹಳೆಯ ಎಂಜಿನ್‌ಗಳಲ್ಲಿ ಅದು ರೂಢಿಯಾಗಿತ್ತು. ಈಗಿನವುಗಳಲ್ಲಿ ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ.

ಪ್ರಶ್ನೆ: ಪೆಟ್ರೋಲ್ ಹಾಕಿಸಿದ ಮರುದಿನವೇ ಎಂಜಿನ್ ದೀಪ ಹೊತ್ತಿತು. ಕಾರು ಚೆನ್ನಾಗಿಯೇ ಓಡುತ್ತಿದೆ.

ಉತ್ತರ: ಮೊದಲು ಮುಚ್ಚಳ ನೋಡಿ. ಸರಿಯಾಗಿ ತಿರುಗಿಸದಿದ್ದರೆ ಆವಿ ಸೋರುತ್ತಿದೆ ಎಂದು ಕಾರು ದೂರು ಕೊಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0455 ಅಥವಾ ಪಿ0457 ಎಂಬ ಸಂಕೇತ ಬರುವುದು ಇದಕ್ಕೇ. ಮುಚ್ಚಳದ ರಬ್ಬರ್ ಉಂಗುರ ಬಿರುಕು ಬಿಟ್ಟಿದ್ದರೆ ಹೊಸ ಮುಚ್ಚಳ ಹಾಕಿ, ಕಟಕಟ ಸದ್ದು ಬರುವವರೆಗೆ ತಿರುಗಿಸಿ. ದೀಪ ತಕ್ಷಣ ಆರುವುದಿಲ್ಲ, ಕೆಲವು ದಿನದ ಓಡಾಟ ಬೇಕು. ದೀಪ ಮಿನುಗುತ್ತಿದ್ದರೆ ವಿಷಯವೇ ಬೇರೆ, ಕೂಡಲೇ ತೋರಿಸಿ.

ಪ್ರಶ್ನೆ: ಮೂರು ತಿಂಗಳು ಕಾರು ನಿಲ್ಲಿಸಿ ಹೋಗಬೇಕಿದೆ. ಟ್ಯಾಂಕ್ ಖಾಲಿ ಇಡುವುದೋ, ತುಂಬಿಸುವುದೋ?

ಉತ್ತರ: ತುಂಬಿಸಿ, ಮೊದಲ ‘ಟಕ್’ವರೆಗೆ. ಟ್ಯಾಂಕಿನಲ್ಲಿ ಗಾಳಿ ಕಡಿಮೆ ಇದ್ದಷ್ಟೂ ತೇವ ಕಡಿಮೆ, ಪೆಟ್ರೋಲ್ ಕೆಡುವುದೂ ನಿಧಾನ. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಇದು ಇನ್ನೂ ಮುಖ್ಯ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಶೇಕಡ 10ರಷ್ಟು ಎಥನಾಲ್ ಇರುವ ಪೆಟ್ರೋಲ್ ಸುಮಾರು ಶೇಕಡ ಅರ್ಧದಷ್ಟು ನೀರನ್ನು ತನ್ನಲ್ಲಿ ಕರಗಿಸಿಕೊಳ್ಳಬಲ್ಲದು; ಅದನ್ನು ಮೀರಿದರೆ ನೀರು ಮತ್ತು ಎಥನಾಲ್ ಎರಡೂ ಕೂಡಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪಿನ ಬಾಯಿ ಇರುವುದೂ ತಳದಲ್ಲೇ. ಮೂರು ತಿಂಗಳ ನಂತರ ಸ್ಟಾರ್ಟ್ ಮಾಡಿ ಸ್ವಲ್ಪ ಓಡಿಸಿ, ಹೊಸ ಪೆಟ್ರೋಲ್ ಬೆರೆಸಿ. ಆರು ತಿಂಗಳು ದಾಟಿ, ಹುಳಿ ವಾರ್ನಿಷಿನಂಥ ವಾಸನೆ ಬರುತ್ತಿದ್ದರೆ ಸ್ಟಾರ್ಟ್ ಮಾಡದೆ ಖಾಲಿ ಮಾಡಿಸುವುದೇ ಸರಿ.

ಡೀಸೆಲ್ ಕಾರಾದರೆ ಬಂದ ಮೇಲೆ ಫಿಲ್ಟರಿನ ತಳದ ನೀರು ತೆಗೆಸಿ: ಎಂಜಿನ್ ಆಫ್ ಇರಲಿ, ಕೆಳಗೊಂದು ಗಾಜಿನ ಲೋಟ ಹಿಡಿದು ತಳದ ಸ್ಕ್ರೂ ಒಂದು ಸುತ್ತು ಸಡಿಲಿಸಿ. ನೀರು ಭಾರ, ಮೊದಲು ಅದೇ ಬರುತ್ತದೆ. ಲೋಟದಲ್ಲಿ ನೀರು ಮತ್ತು ಡೀಸೆಲ್ ನಡುವಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬರೀ ಡೀಸೆಲ್ ಬರತೊಡಗಿದಾಗ ಬಿಗಿಯಿರಿ.

ಪ್ರಶ್ನೆ: ನನ್ನದು ಸಿಎನ್‌ಜಿ ಕಾರು. ಸಿಲಿಂಡರ್ 60 ಲೀಟರ್ ಎಂದಿದೆ, ಆದರೆ 9 ಕೆ.ಜಿ. ದಾಟಿ ಹಿಡಿಯುವುದೇ ಇಲ್ಲ. ಪೆಟ್ರೋಲ್ ಟ್ಯಾಂಕನ್ನು ಖಾಲಿ ಬಿಟ್ಟರೆ ನಡೆಯುತ್ತದೆಯೇ?

ಉತ್ತರ: 60 ಲೀಟರ್ ಎಂಬುದು ಆ ಸಿಲಿಂಡರಿನಲ್ಲಿ ನೀರು ತುಂಬಿದರೆ ಹಿಡಿಯುವ ಅಳತೆ. 200 ಬಾರ್ ಒತ್ತಡದಲ್ಲಿ ಅಲ್ಲಿ 8ರಿಂದ 10 ಕೆ.ಜಿ. ಅನಿಲ ಹಿಡಿಯುತ್ತದೆ. ತುಂಬುವಾಗ ಸಿಲಿಂಡರ್ ಬಿಸಿಯಾದಷ್ಟೂ ಅನಿಲ ಕಡಿಮೆ ಹಿಡಿಯುತ್ತದೆ, ಪಂಪಿನ ಒತ್ತಡ ಕಡಿಮೆ ಇದ್ದರೂ ಅಷ್ಟೇ. 9 ಕೆ.ಜಿ. ಸಿಗುತ್ತಿದ್ದರೆ ಚಿಂತೆ ಬೇಡ.

ಪೆಟ್ರೋಲ್ ಟ್ಯಾಂಕ್ ಖಾಲಿ ಬಿಡಬೇಡಿ. ಹಲವು ಕಾರುಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಎಂಜಿನ್ ಬೆಚ್ಚಗಾದ ಮೇಲೆ ಅನಿಲಕ್ಕೆ ಬದಲಾಗುತ್ತವೆ. ಅನಿಲದಲ್ಲಿ ಓಡುವಾಗಲೂ ಪೆಟ್ರೋಲ್ ಪಂಪ್ ತಿರುಗುತ್ತಲೇ ಇರುವ ಕಾರುಗಳಿವೆ. ಅಂಥದರಲ್ಲಿ ಟ್ಯಾಂಕ್ ಖಾಲಿಯಾದರೆ ಪಂಪ್ ಒಣಗಿ ಓಡಿ ಸುಟ್ಟುಹೋಗುತ್ತದೆ. ಕಾಲು ಟ್ಯಾಂಕಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಇನ್ನೊಂದು ಮಾತು: ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಕೂತರೆ ಹಳಸುತ್ತದೆ, ಇಂಜೆಕ್ಟರಿನ ತುದಿಯಲ್ಲಿ ಅಂಟು ಕಟ್ಟುತ್ತದೆ. ವಾರಕ್ಕೊಮ್ಮೆ ಹತ್ತು ಹದಿನೈದು ಕಿ.ಮೀ. ಪೆಟ್ರೋಲಿನಲ್ಲೇ ಓಡಿಸಿ, ಎರಡು ತಿಂಗಳಿಗೊಮ್ಮೆಯಾದರೂ ಹೊಸದನ್ನು ಬೆರೆಸಿ.

ಪ್ರಶ್ನೆ: ಬಾಡಿಗೆಗೆ ಪಡೆದ ಕಾರಿನಲ್ಲಿ ಟ್ಯಾಂಕಿನ ಬಾಯಿ ಯಾವ ಬದಿಗಿದೆ ಎಂದು ಇಳಿಯದೆ ತಿಳಿಯುವುದು ಹೇಗೆ?

ಉತ್ತರ: ಇಂಧನದ ಮುಳ್ಳಿನ ಪಕ್ಕದಲ್ಲಿರುವ ಪುಟ್ಟ ಪಂಪಿನ ಚಿತ್ರ ನೋಡಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಅದರ ಬಳಿ ತ್ರಿಕೋನದ ಬಾಣದ ಗುರುತಿರುತ್ತದೆ. ಬಾಣ ತೋರಿಸುವ ಕಡೆಗೇ ಬಾಯಿ. ಪಂಪಿನ ಚಿತ್ರದಲ್ಲಿ ಕೊಳವೆ ಯಾವ ಕಡೆಗಿದೆ ಎಂದು ನೋಡಿ ಹೇಳುವುದು ತಪ್ಪು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಸುವಾಗ ನೆಲದ ಮೇಲೇ ಇಡಬೇಕು ಎನ್ನುತ್ತಾರಲ್ಲ, ಡಿಕ್ಕಿಯಲ್ಲೇ ಇಟ್ಟು ತುಂಬಿಸಿದರೆ ಏನಾಗುತ್ತದೆ?

ಉತ್ತರ: ಪೆಟ್ರೋಲ್ ಹರಿಯುವಾಗ ಸ್ಥಿರವಿದ್ಯುತ್ ಹುಟ್ಟುತ್ತದೆ. ಡಿಕ್ಕಿಯ ಕಾರ್ಪೆಟ್ ಮೇಲಿಟ್ಟ ಕ್ಯಾನಿನಿಂದ ಅದು ನೆಲಕ್ಕೆ ಇಳಿಯಲು ದಾರಿಯಿಲ್ಲ, ನಾಜಲಿಗೆ ಕಿಡಿಯಾಗಿ ಹಾರಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಡಿಕ್ಕಿಯೊಳಗೇ ತುಂಬಿಕೊಂಡು ನಿಂತಿರುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ ಅದು. ಇಂಧನಕ್ಕೆಂದೇ ಮಾಡಿದ ಕ್ಯಾನನ್ನು ನೆಲದ ಮೇಲಿಟ್ಟು, ನಾಜಲಿನ ಮೂತಿ ಕ್ಯಾನಿನ ಬಾಯಿಗೆ ತಾಗಿರುವಂತೆ ಹಿಡಿದು, ನಿಧಾನವಾಗಿ ತುಂಬಿಸಿ, ಮೇಲೆ ಶೇಕಡ 5ರಷ್ಟು ಜಾಗ ಬಿಟ್ಟು ಮುಚ್ಚಳ ಬಿಗಿಯಿರಿ. ನೀರಿನ ಬಾಟಲಿ ಬೇಡವೇ ಬೇಡ. ಕಾರಿನ ಟ್ಯಾಂಕಿಗೆ ಹಾಕಿಸುವಾಗಲೂ ನಡುವೆ ಒಳಗೆ ಹೋಗಿ ಸೀಟಿನ ಮೇಲೆ ಕೂತು ಎದ್ದು ಬಂದು ನಾಜಲ್ ಮುಟ್ಟಬೇಡಿ. ಸೀಟಿನ ಬಟ್ಟೆಗೆ ಮೈ ಉಜ್ಜಿ ನಿಮ್ಮಲ್ಲೇ ಸ್ಥಿರವಿದ್ಯುತ್ ಕೂಡಿರುತ್ತದೆ. ಹೋಗಲೇಬೇಕಾದರೆ, ಬಂದವರು ಮೊದಲು ನಾಜಲಿನಿಂದ ದೂರದ ಬಾಗಿಲಿನ ಲೋಹವನ್ನು ಬರಿಗೈಯಲ್ಲಿ ಮುಟ್ಟಿ.